ಹೊಸ ಸಬ್‌ಮರೀನ್‌ಗೆ ಹಳೇ ಟಾರ್ಪಿಡೊ: ಈ ಗಂಟು ಬಿದ್ದದ್ದು ಹೇಗೆ?

2017ರ ಡಿಸೆಂಬರ್ 14ರಂದು ಐಎನ್‌ಎಸ್ ಕಲ್ವರಿ ನೌಕಾಪಡೆಗೆ ಸೇರಿತು. ಫ್ರಾನ್ಸಿನ ಸ್ಕಾರ್ಪೀನ್ ವಿನ್ಯಾಸ, ಕಟ್ಟಿದ್ದು ಮುಂಬೈಯ ಮಝಗಾಂವ್ ಡಾಕ್. ಅಂಥ ಆರು ಜಲಾಂತರ್ಗಾಮಿಗಳಲ್ಲಿ ಇದು ಮೊದಲನೆಯದು. ಆದರೆ ಅದಕ್ಕೆಂದೇ ಕೊಂಡ ಟಾರ್ಪಿಡೊ (ನೀರೊಳಗೆ ಓಡಿ ಗುರಿಗೆ ಬಡಿಯುವ ಅಸ್ತ್ರ) ಒಂದೂ ಇರಲಿಲ್ಲ. ಹಿಂದೆ ಶಿಶುಮಾರ್ ವರ್ಗದ ಸಬ್‌ಮರೀನ್‌ಗಳಿಗಾಗಿ ಜರ್ಮನಿಯಿಂದ ತರಿಸಿದ್ದ ಎಸ್‌ಯುಟಿ ಟಾರ್ಪಿಡೊಗಳನ್ನೇ ಹೊಂದಿಸಿಕೊಳ್ಳಬೇಕಾಯಿತು.

ಇದಕ್ಕೆ ಎಲ್ಲರೂ ಹೇಳುವ ಕಾರಣ ಹಗರಣ. ಸ್ಕಾರ್ಪೀನ್‌ಗಳಿಗಾಗಿ ಇಟಲಿಯ ಬ್ಲ್ಯಾಕ್ ಶಾರ್ಕ್ ಟಾರ್ಪಿಡೊ ಆಯ್ಕೆಯಾಗಿತ್ತು, ಒಟ್ಟು 98. ಅದನ್ನು ಮಾಡುವ ವಾಸ್ ಕಂಪನಿ ಆಗ ಫಿನ್‌ಮೆಕಾನಿಕಾ ಗುಂಪಿನಲ್ಲಿತ್ತು. ಅಗಸ್ಟಾವೆಸ್ಟ್‌ಲ್ಯಾಂಡ್ ಹೆಲಿಕಾಪ್ಟರ್ ಲಂಚದ ಪ್ರಕರಣ ಎದ್ದಿದ್ದೂ ಅದೇ ಗುಂಪಿನ ಮೇಲೆ. ಖರೀದಿ ನಿಂತಿತು, 2016ರಲ್ಲಿ ಕೈಬಿಟ್ಟೇಬಿಟ್ಟರು. ಇದೆಲ್ಲ ನಿಜ, ಆದರೆ ಅರ್ಧ ಉತ್ತರ ಮಾತ್ರ. ಯಾಕಂದ್ರೆ ಅದೇ 2016ರ ಜೂನ್‌ನಲ್ಲಿ ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ನಮ್ಮದೇ ಭಾರೀ ಟಾರ್ಪಿಡೊ ವರುಣಾಸ್ತ್ರವನ್ನು ನೌಕಾಪಡೆಗೆ ಹಸ್ತಾಂತರಿಸಿದ್ದರು. ಅದನ್ನೇ ಕಲ್ವರಿಗೆ ಹಾಕಬಹುದಿತ್ತು ಅಲ್ವಾ?

ಆಗಲಿಲ್ಲ. ವರುಣಾಸ್ತ್ರ ಹಡಗಿಗಾಗಿ ಮಾಡಿದ್ದು. ಒಂದೂವರೆ ಟನ್ ತೂಕ, 250 ಕಿಲೋ ಸಿಡಿತಲೆ, ಸುಮಾರು 40 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್. ಸುತ್ತಳತೆಯ ಲೆಕ್ಕದಲ್ಲಿ ತೊಂದರೆಯೇನೂ ಇರಲಿಲ್ಲ. ಜಗತ್ತಿನ ಹೆಚ್ಚಿನ ಭಾರೀ ಟಾರ್ಪಿಡೊಗಳ ಹಾಗೆ ಇದರ ವ್ಯಾಸವೂ 533 ಮಿಲಿಮೀಟರ್, ಕಲ್ವರಿಯ ಕೊಳವೆಯೂ ಅದೇ ಅಳತೆಯದು. ಕೊಳವೆಗೆ ಹಿಡಿಯುತ್ತದೆ ಅಂದಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ.

ಹಡಗಿನಲ್ಲಿ ಟಾರ್ಪಿಡೊ ಕೊಳವೆ ನೀರಿನ ಮೇಲಿರುತ್ತದೆ. ಟಾರ್ಪಿಡೊವನ್ನು ಹೊರಕ್ಕೆ ತಳ್ಳಿದರೆ ಸಾಕು, ಅದು ನೀರಿಗೆ ಬಿದ್ದು ಓಡಲು ಶುರು ಮಾಡುತ್ತದೆ. ಸಬ್‌ಮರೀನ್‌ನ ಕಥೆ ಬೇರೆ. 200 ಮೀಟರ್ ಆಳದಲ್ಲಿ ಸುತ್ತಲಿನ ನೀರು ವಾತಾವರಣದ ಇಪ್ಪತ್ತು ಪಟ್ಟು ಒತ್ತುತ್ತಿರುತ್ತದೆ. ಮೊದಲು ಕೊಳವೆಗೆ ನೀರು ತುಂಬಿಸಿ ಒಳಗಿನ ಒತ್ತಡವನ್ನು ಹೊರಗಿನ ಸಮಕ್ಕೆ ತರಬೇಕು. ಆಮೇಲಷ್ಟೇ ಮುಂದಿನ ಬಾಗಿಲು. ಸದ್ದಾಗಬಾರದು, ಗಾಳಿಗುಳ್ಳೆ ಮೇಲೇಳಬಾರದು.

ಇನ್ನು ತಂತಿ. ಸಬ್‌ಮರೀನ್‌ನಿಂದ ಹೊರಟ ಭಾರೀ ಟಾರ್ಪಿಡೊ ಹಿಂದಕ್ಕೆ ಸಪೂರ ತಂತಿಯೊಂದನ್ನು ಬಿಚ್ಚುತ್ತಾ ಹೋಗುತ್ತದೆ. ಹೊಸ ಮಾದರಿಗಳಲ್ಲಿ ಅದು ಆಪ್ಟಿಕಲ್ ಫೈಬರ್. ಸಬ್‌ಮರೀನ್ ಕಡೆಯಲ್ಲೂ ಒಂದು ಸುರುಳಿ ಬಿಚ್ಚಿಕೊಳ್ಳುತ್ತಿರುತ್ತದೆ. ಎರಡೂ ಚಲಿಸುತ್ತಿದ್ದರೂ ತಂತಿ ಎಳೆದು ತುಂಡಾಗಬಾರದು ಅಂತ ಈ ಏರ್ಪಾಡು. ನೀರೊಳಗಿನ ಸದ್ದು ಹಿಡಿಯುವ ಸಬ್‌ಮರೀನ್‌ನ ಸೋನಾರ್ ಕೇಳಿಸಿಕೊಂಡಿದ್ದನ್ನೆಲ್ಲ ಈ ತಂತಿಯ ಮೂಲಕವೇ ಟಾರ್ಪಿಡೊಗೆ ಹೇಳುವುದು: ಗುರಿ ಎಡಕ್ಕೆ ತಿರುಗಿದೆ, ಅದು ಬಿಟ್ಟಿದ್ದು ನಕಲಿ ಸದ್ದು, ನೀನು ಹೀಗೆ ಹೋಗು. ತಂತಿ ಕತ್ತರಿಸುವವರೆಗೂ ಆ ಕೊಳವೆಯ ಬಾಗಿಲು ಮುಚ್ಚುವಂತಿಲ್ಲ. ಈ ಸುರುಳಿ ಎಲ್ಲಿ ಕೂರಬೇಕು, ಕೇಬಲ್‌ನ ತುದಿ ಹೇಗಿರಬೇಕು, ಟಾರ್ಪಿಡೊ ಮತ್ತು ಸಬ್‌ಮರೀನ್‌ನ ಕಂಪ್ಯೂಟರ್‌ಗಳು ಯಾವ ಕ್ರಮದಲ್ಲಿ ಮಾಹಿತಿ ಕೊಟ್ಟು ತೆಗೆದುಕೊಳ್ಳಬೇಕು, ಇದೆಲ್ಲ ತಯಾರಕರಿಂದ ತಯಾರಕರಿಗೆ ಬೇರೆ. ನಿಜವಾದ ಬೀಗ ಇರುವುದು ಇಲ್ಲಿ. ಕಲ್ವರಿಯ ಯುದ್ಧ ವ್ಯವಸ್ಥೆ ಫ್ರಾನ್ಸಿನ ಸಬ್‌ಟಿಕ್ಸ್. ಅದರ ಸಾಫ್ಟ್‌ವೇರ್ ಅಲ್ಲಿನ ನೇವಲ್ ಗ್ರೂಪ್ ಕಂಪನಿಯ ಕೈಯಲ್ಲಿದೆ.

ನಮ್ಮಲ್ಲಿ ಇಂಥ ಬೀಗ ಒಂದಲ್ಲ. 1967ರಲ್ಲಿ ಬಂದ, ಇದೇ ಹೆಸರಿನ ಮೊದಲ ಕಲ್ವರಿ ಸೋವಿಯತ್ ಒಕ್ಕೂಟದ್ದು. 1986ರಲ್ಲಿ, ಒಂದೇ ವರ್ಷದೊಳಗೆ, ಎರಡು ಬೇರೆ ಬೇರೆ ಕುಲದ ಸಬ್‌ಮರೀನ್‌ಗಳು ಬಂದವು: ಏಪ್ರಿಲ್‌ನಲ್ಲಿ ಸೋವಿಯತ್‌ನ ಸಿಂಧುಘೋಷ್, ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಶಿಶುಮಾರ್. ಒಂದಕ್ಕೆ 53-65, ಟೆಸ್ಟ್-71 ಥರದ ರಷ್ಯನ್ ಟಾರ್ಪಿಡೊ, ಇನ್ನೊಂದಕ್ಕೆ ಎಸ್‌ಯುಟಿ. ಒಂದರ ಟಾರ್ಪಿಡೊ ಇನ್ನೊಂದಕ್ಕೆ ಆಗದು. ಬಿಡಿಭಾಗ, ಬ್ಯಾಟರಿ, ವರ್ಕ್‌ಶಾಪ್, ತರಬೇತಿ ಎಲ್ಲವೂ ಎರಡೆರಡು. 2005ರ ಸ್ಕಾರ್ಪೀನ್ ಒಪ್ಪಂದದಿಂದ ಇದು ಮೂರಾಯಿತು. ಒಬ್ಬರನ್ನೇ ನೆಚ್ಚಿಕೊಳ್ಳಬಾರದು ಅಂತ ಹಲವು ದೇಶಗಳಿಂದ ಕೊಂಡಿದ್ದರಲ್ಲಿ ತಪ್ಪಿಲ್ಲ. ಕೊಳ್ಳುವಾಗಲೇ ‘ನಮ್ಮ ಟಾರ್ಪಿಡೊ ಇದರಲ್ಲಿ ಕೂರಬೇಕು’ ಅನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ. ನನ್ನ ಪ್ರಕಾರ ಎಡವಟ್ಟು ಇಲ್ಲೇ ಆಗಿದ್ದು.

ಹಾಗೆ ಕೇಳಲು ಕೈಯಲ್ಲಿ ಟಾರ್ಪಿಡೊ ಬೇಕಲ್ಲ! ವಿಶಾಖಪಟ್ಟಣದಲ್ಲಿ ಡಿಆರ್‌ಡಿಒದ ಎನ್‌ಎಸ್‌ಟಿಎಲ್ ಪ್ರಯೋಗಾಲಯ ಶುರುವಾಗಿದ್ದು 1969ರಲ್ಲಿ. ಹಗುರ ಟಾರ್ಪಿಡೊ ಟಿಎಎಲ್, ಅಂದರೆ ಶ್ಯೇನ, ಸೇವೆಗೆ ಬಂದಿದ್ದು 2012ರಲ್ಲಿ. ಇಷ್ಟು ತಡ ಯಾಕೆ ಅಂತ ಬೈಯುವುದು ಸುಲಭ. ಆದರೆ ಪರೀಕ್ಷೆಯ ಕಷ್ಟ ನೋಡಿ. ಸಿಡಿತಲೆ ಇಲ್ಲದ ಅಭ್ಯಾಸದ ಟಾರ್ಪಿಡೊ ಓಟ ಮುಗಿಸಿ ಮೇಲೆ ತೇಲುತ್ತದೆ. ತೆರೆಗಳ ನಡುವೆ ಅದನ್ನು ಹುಡುಕಿ, ಎತ್ತಿ ತಂದು, ಅದರೊಳಗೆ ದಾಖಲಾದ ಮಾಹಿತಿ ಓದಬೇಕು. ಅದು ಕಳೆದುಹೋದರೆ ದುಡ್ಡಿನ ಜೊತೆ ಆ ಪರೀಕ್ಷೆಯ ಪಾಠವೂ ಹೋಯಿತು. ವರುಣಾಸ್ತ್ರದಲ್ಲಿ ಜಿಪಿಎಸ್ ಇಟ್ಟಿದ್ದು ತೇಲಿದ ಜಾಗ ಗೊತ್ತಾಗಲಿ ಅಂತ. ಪರೀಕ್ಷೆಗೆ ಟಾರ್ಪಿಡೊ ಬಿಟ್ಟು, ಎತ್ತಿ ತರುವುದಕ್ಕೆಂದೇ ಅಸ್ತ್ರಧಾರಿಣಿ ಅನ್ನುವ ನೌಕೆಯನ್ನು 2015ರಲ್ಲಿ ಸೇರಿಸಿಕೊಂಡರು.

ಹಡಗುಗಳ ಕಡೆ ಪರಿಸ್ಥಿತಿ ಬೇಗ ಸುಧಾರಿಸಿತು. ಐಎನ್‌ಎಸ್ ವಿಶಾಖಪಟ್ಟಣಂನ ಟಾರ್ಪಿಡೊ ಕೊಳವೆಯನ್ನು ಮಾಡಿದ್ದೇ ಎಲ್ ಅಂಡ್ ಟಿ. 2019ರಲ್ಲಿ ಭಾರತ್ ಡೈನಾಮಿಕ್ಸ್‌ಗೆ ಸುಮಾರು 1,188 ಕೋಟಿ ರೂಪಾಯಿಯ ವರುಣಾಸ್ತ್ರ ಆರ್ಡರ್ ಸಿಕ್ಕಿತು. ಶತ್ರು ಟಾರ್ಪಿಡೊದ ದಿಕ್ಕು ತಪ್ಪಿಸುವ ಮಾರೀಚ್ ವ್ಯವಸ್ಥೆ 2020ರಲ್ಲಿ ಬಂತು. ತಯಾರಿಸುವ ಹೊಣೆ ನಮ್ಮ ಬೆಂಗಳೂರಿನ ಬಿಇಎಲ್‌ನದು. ಅದು ಎಲ್ಲ ಮುಂಚೂಣಿ ಯುದ್ಧನೌಕೆಗಳಿಗೂ ಹೊಂದುತ್ತದೆ. ಹಡಗು ನಮ್ಮದು, ವಿನ್ಯಾಸ ನಮ್ಮದು ಅಂದಾಗ ಯಾರ ಅನುಮತಿಯೂ ಬೇಕಾಗಲಿಲ್ಲ.

ಸಬ್‌ಮರೀನ್ ವಿಚಾರದಲ್ಲಿ ಬೇಕಾಯಿತು. ಡಿಆರ್‌ಡಿಒ ಈಗ ಸಬ್‌ಮರೀನ್‌ಗಾಗಿಯೇ ವಿದ್ಯುತ್ ಚಾಲಿತ ಭಾರೀ ಟಾರ್ಪಿಡೊವನ್ನು ರೂಪಿಸುತ್ತಿದೆ. ಅದನ್ನು ಕಲ್ವರಿ ವರ್ಗಕ್ಕೆ ಜೋಡಿಸಿಕೊಡಲು 2024ರ ಡಿಸೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ನೇವಲ್ ಗ್ರೂಪ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೊತ್ತ ಸುಮಾರು 877 ಕೋಟಿ ರೂಪಾಯಿ. ಟಾರ್ಪಿಡೊ ನಮ್ಮದು, ಸಬ್‌ಮರೀನ್ ಕಟ್ಟಿದ್ದು ನಾವು, ಎರಡನ್ನೂ ಜೋಡಿಸಲು ಮಾತ್ರ ಇಷ್ಟು ಹಣ. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ಆದರೂ ಖರ್ಚು ಮಾಡಿದ್ದು ಸರಿಯೇ. ಸಬ್‌ಮರೀನ್‌ನಲ್ಲಿ ಟಾರ್ಪಿಡೊ ಮತ್ತು ಸಿಬ್ಬಂದಿ ಒಂದೇ ಗೂಡಿನೊಳಗೆ ಇರುತ್ತಾರೆ. 2000ದಲ್ಲಿ ರಷ್ಯಾದ ಕುರ್ಸ್ಕ್ ಸಬ್‌ಮರೀನ್‌ನಲ್ಲಿ ಅಭ್ಯಾಸದ ಟಾರ್ಪಿಡೊದಿಂದ ಹೈಡ್ರೋಜನ್ ಪೆರಾಕ್ಸೈಡ್ ಸೋರಿ ಸ್ಫೋಟವಾಗಿ 118 ಜನ ಸತ್ತರು. ಇಲ್ಲಿ ಸುಮ್ನೆ ಹೊಂದಿಸಿ ನೋಡೋಣ ಅನ್ನುವ ಮಾತೇ ಇಲ್ಲ.

ಅಷ್ಟರವರೆಗೆ ಕಾಯಲಾಗದೆ, 2025ರ ಡಿಸೆಂಬರ್‌ನಲ್ಲಿ ಅದೇ ವಾಸ್ ಕಂಪನಿಯಿಂದ 48 ಭಾರೀ ಟಾರ್ಪಿಡೊ ಕೊಳ್ಳಲು ಸಹಿ ಬಿತ್ತು. ಸುಮಾರು 1,896 ಕೋಟಿ ರೂಪಾಯಿ. ಪೂರೈಕೆ ಶುರುವಾಗುವುದು 2028ರ ಏಪ್ರಿಲ್‌ನಿಂದ. ಆ ಹೊತ್ತಿಗೆ ಕಲ್ವರಿ ಸೇವೆಗೆ ಸೇರಿ ಹತ್ತು ವರ್ಷ ದಾಟಿರುತ್ತದೆ.

ಮುಂದಿನ ಸರದಿ ಪ್ರಾಜೆಕ್ಟ್ 75ಐನ ಆರು ಸಬ್‌ಮರೀನ್‌ಗಳದ್ದು. ಮಝಗಾಂವ್ ಡಾಕ್ ಜೊತೆ ಜರ್ಮನಿಯ ಟಿಕೆಎಂಎಸ್ ಪಾಲುದಾರ, 2025ರಲ್ಲಿ ದರದ ಮಾತುಕತೆ ಶುರುವಾಯಿತು. ನಮ್ಮ ಭಾರೀ ಟಾರ್ಪಿಡೊಗೆ ಬೇಕಾದ ಕೇಬಲ್ ಜೋಡಣೆ, ಸುರುಳಿಯ ಜಾಗ, ಸಾಫ್ಟ್‌ವೇರ್ ವಿವರ ಇವೆಲ್ಲ ಮೊದಲ ಸಬ್‌ಮರೀನ್‌ನ ನಕ್ಷೆಯಲ್ಲೇ ಇರಬೇಕು. ಅದಕ್ಕೆ ಹತ್ತು ವರ್ಷದ ನಂತರ ಬೇರೆ ಬಿಲ್ ಬರಕೂಡದು.