ಅಂಗದಾನ ಕೇಳುವವರು ಪೂರ್ತಿ ವಿಷಯ ಹೇಳಬೇಕು

ಆಳಂದ, ಚಿತ್ತಾಪುರ, ಜೇವರ್ಗಿ ಕಡೆಯಿಂದ ಕಲಬುರಗಿಗೆ ಡಯಾಲಿಸಿಸ್‌ಗೆ ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ತಾಸು ಯಂತ್ರದ ಪಕ್ಕ ಮಲಗಬೇಕು. ಅವರಲ್ಲಿ ಅನೇಕರಿಗೆ ಒಂದು ಕಿಡ್ನಿ ಸಿಕ್ಕರೆ ಬದುಕೇ ಬೇರೆ. ಹಾಗಾಗಿ ಇಲ್ಲಿನ ಮುಸ್ಲಿಂ ಮೊಹಲ್ಲಾಗಳಲ್ಲೂ ಅಂಗದಾನದ ಮಾತು ಆಡಲೇಬೇಕು. ಹೇಗೆ ಆಡಬೇಕು ಅನ್ನೋದೇ ನನ್ನ ಚಿಂತೆ.

ಸುಲಭದ ದಾರಿ ಒಂದಿದೆ. ಒಂದು ಜೀವ ಉಳಿಸಿದವರು ಇಡೀ ಮನುಕುಲವನ್ನೇ ಉಳಿಸಿದಂತೆ ಅನ್ನುವ ಖುರಾನಿನ ವಚನವನ್ನು (5:32) ಬ್ಯಾನರ್ ಮೇಲೆ ಬರೆಸುವುದು, ಒಪ್ಪುವ ಮೌಲಾನಾ ಒಬ್ಬರನ್ನು ವೇದಿಕೆಗೆ ಕರೆಯುವುದು, ಅಂಗದಾನದ ಫಾರಂ ತುಂಬಿಸುವುದು. ವಚನ ನಿಜ, ಮೌಲಾನಾ ಹೇಳುವುದೂ ನಿಜ. ಆದರೆ ಸತ್ತವರ ಮೂಳೆ ಮುರಿಯುವುದು ಬದುಕಿದ್ದವರ ಮೂಳೆ ಮುರಿದಂತೆ ಅನ್ನುವ ಹದೀಸ್ (ಪ್ರವಾದಿಯವರ ಮಾತು) ಕೂಡ ಇದೆ. ಅದನ್ನು ಕೇಳಿ ಬೆಳೆದವರಿಗೆ ಉತ್ತರ ಬೇಡ್ವಾ?

ಇಸ್ಲಾಮಿ ವಿದ್ವಾಂಸರು ಇಲ್ಲಿ ಒಂದೇ ಮಾತು ಆಡುವುದಿಲ್ಲ. ಇಸ್ಲಾಮಿ ದೇಶಗಳ ಸಂಘಟನೆಯ ಫಿಕ್ಹ್ (ಇಸ್ಲಾಮಿ ಧರ್ಮಶಾಸ್ತ್ರ) ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿ, ಮೆದುಳು ಪೂರ್ತಿ ನಿಂತರೆ ಅದು ಸಾವೇ ಎಂದು ಒಪ್ಪಿತು. 1988ರಲ್ಲಿ ಷರತ್ತಿನ ಮೇಲೆ ಅಂಗಾಂಗ ಕಸಿಗೂ ಒಪ್ಪಿಗೆ ಕೊಟ್ಟಿತು. ಆದರೆ 1987ರಲ್ಲಿ ಮೆಕ್ಕಾದ ಇನ್ನೊಂದು ಫಿಕ್ಹ್ ಮಂಡಳಿ ಬೇರೆ ತೀರ್ಮಾನಕ್ಕೆ ಬಂತು: ವೆಂಟಿಲೇಟರ್ ತೆಗೆಯಬಹುದು, ಆದರೆ ಉಸಿರು, ಹೃದಯ ನಿಲ್ಲುವ ತನಕ ಸಾವು ಎನ್ನುವಂತಿಲ್ಲ. ನಮ್ಮ ಉಪಖಂಡದ ದೇವಬಂದ್ ಪರಂಪರೆಯಲ್ಲಿ ಅಂಗದಾನವನ್ನೇ ಒಪ್ಪದ ವಿದ್ವಾಂಸರು ಹಲವರಿದ್ದಾರೆ.

ಜಗಳದ ಒಂದು ದೊಡ್ಡ ಬೇರು ಮೆದುಳಿನ ಸಾವಿನಲ್ಲಿ ಇದೆ. ತಲೆಗೆ ಜೋರು ಪೆಟ್ಟು ಬಿದ್ದಾಗ ಮೆದುಳು ಊದಿಕೊಳ್ಳುತ್ತದೆ. ಬುರುಡೆಯೊಳಗೆ ಒತ್ತಡ ಏರಿ ರಕ್ತ ಒಳಗೆ ಹೋಗದಂತೆ ಆಗುತ್ತದೆ. ಉಸಿರಾಟ ನಡೆಸುವ ಮೆದುಳಿನ ಕಾಂಡ ಸತ್ತರೆ ತಾನಾಗಿ ಉಸಿರು ಮತ್ತೆ ಬರುವುದಿಲ್ಲ. ಹೃದಯಕ್ಕೆ ಮಾತ್ರ ತನ್ನದೇ ಮಿಡಿತದ ಕೇಂದ್ರ ಇದೆ. ಯಂತ್ರ ಆಮ್ಲಜನಕ ಕೊಡುತ್ತಿದ್ದರೆ ಅದು ಇನ್ನೂ ಸ್ವಲ್ಪ ಕಾಲ ಬಡಿಯುತ್ತಿರುತ್ತದೆ. ಮೈ ಬಿಸಿ ಇರುತ್ತದೆ, ಎದೆ ಏರಿಳಿಯುತ್ತದೆ. ಕೋಮಾದಲ್ಲಿ ಇರುವವರ ಮೆದುಳಿನ ಕಾಂಡ ಸತ್ತಿರುವುದಿಲ್ಲ. ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು.

ನಮ್ಮ ದೇಶದ 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ನಾಲ್ಕು ವೈದ್ಯರ ಮಂಡಳಿ ಮೆದುಳಿನ ಸಾವನ್ನು ಖಚಿತಪಡಿಸಬೇಕು. ಕಣ್ಣಿನ ಪಾಪೆಗೆ ಬೆಳಕು ಬಿಡುತ್ತಾರೆ, ಕಿವಿಗೆ ತಣ್ಣೀರು ಹಾಕುತ್ತಾರೆ, ವೆಂಟಿಲೇಟರ್‌ನ ನೆರವಿಲ್ಲದೆ ಉಸಿರು ಬರುತ್ತದಾ ಅಂತ ನೋಡುತ್ತಾರೆ. ಕನಿಷ್ಠ 6 ತಾಸು ಬಿಟ್ಟು ಎಲ್ಲವನ್ನೂ ಮತ್ತೊಮ್ಮೆ ಮಾಡುತ್ತಾರೆ. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. ಅಂಗಕ್ಕಾಗಿ ಬೇಗ ಸತ್ತರು ಅಂದುಬಿಡುತ್ತಾರೆ ಅನ್ನುವ ಹೆದರಿಕೆಗೆ ಈ ನಿಯಮವನ್ನು ಮೊದಲು ಹೇಳಬೇಕು.

ಇಷ್ಟು ವಿಜ್ಞಾನ ಗೊತ್ತಾದ ಮೇಲೂ ಹೃದಯ ಬಡಿಯುತ್ತಿರುವ ದೇಹವನ್ನು ಶವ ಅನ್ನಬಹುದಾ ಅನ್ನುವುದನ್ನು ಪರೀಕ್ಷೆಯೊಂದೇ ತೀರ್ಮಾನಿಸಲಾರದು. ಅದು ನಂಬಿಕೆಯ ಪ್ರಶ್ನೆ ಕೂಡ. ಭಿನ್ನಾಭಿಪ್ರಾಯ ಮುಚ್ಚಿಟ್ಟು ಪಡೆದ ಸಹಿಯನ್ನು ನಾನು ಒಪ್ಪಿಗೆ ಅಂತ ಕರೆಯಲಾರೆ. ಮೇಲಾಗಿ ಅದು ನಿಲ್ಲುವುದೂ ಇಲ್ಲ. ಸತ್ತವರು ಫಾರಂ ತುಂಬಿದ್ದರೂ ನಮ್ಮಲ್ಲಿ ಕೊನೆಗೆ ಮನೆಯವರನ್ನೇ ಕೇಳುತ್ತಾರೆ. ಐಸಿಯು ಹೊರಗೆ ನಿಂತ ಅಣ್ಣನಿಗೋ ಹೆಂಡತಿಗೋ ಆಗಲೇ ಇನ್ನೊಂದು ಫತ್ವಾ ಕಿವಿಗೆ ಬಿದ್ದರೆ, ಮೋಸ ಹೋದೆವು ಅನ್ನಿಸದೆ ಇರುತ್ತಾ?

ಎಲ್ಲ ದಾನಕ್ಕೂ ಮೆದುಳಿನ ಸಾವಿನ ಪ್ರಶ್ನೆ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಬದುಕಿರುವಾಗಲೇ ತಮ್ಮನಿಗೆ ಕಿಡ್ನಿ ಕೊಡುವುದು ಬೇರೆ ವಿಷಯ. ಕಣ್ಣಿನ ಕಾರ್ನಿಯಾವನ್ನು ಹೃದಯ ನಿಂತ ಮೇಲೆ, ಸುಮಾರು 6 ತಾಸಿನೊಳಗೆ, ಮನೆಯಲ್ಲೇ ತೆಗೆಯಬಹುದು. ಅರ್ಧ ತಾಸೂ ಬೇಕಾಗುವುದಿಲ್ಲ, ಮುಖ ಕೆಡುವುದಿಲ್ಲ, ಜನಾಜಾ (ಅಂತ್ಯಕ್ರಿಯೆ) ತಡವಾಗುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಒಬ್ಬರು ಬೇಡ ಅಂದರೆ, "ಬೇಕಾದಾಗ ತಗೊಳ್ತೀರಿ, ಕೊಡಲ್ಲ" ಅಂತ ಚುಚ್ಚುವುದು ಸಲ್ಲದು. ಅಂಗ ಹಂಚುವಾಗ ಕಾನೂನು ಧರ್ಮ ನೋಡುವುದಿಲ್ಲ, ಮನೆಯವರು ಹಿಂದೆ ಬೇಡ ಅಂದಿದ್ದರು ಅಂತ ಯಾರಿಗೂ ಅಂಗ ನಿರಾಕರಿಸುವುದೂ ಇಲ್ಲ. ಪ್ರಚಾರಕ್ಕೆ ಹೋಗುವವರ ಕೈಲಿರುವ ಕರಪತ್ರದಲ್ಲಿ ಆ ಸಾಲು ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ.