ನಡಿಗೆಯ ವೇಗದಲ್ಲಿ ಬಯಲಾಗುವ ದೋಷಗಳು: ಹಳೆಯ ಬ್ರಿಟಿಷ್ ಟ್ರಯಲ್ಸ್ ಬೈಕು ಮತ್ತು ಸೈಡ್‌ಕಾರ್

ಸ್ಕಾಟ್ಲೆಂಡಿನ ಕಿನ್‌ಲಾಕ್‌ಲೆವೆನ್ ಊರಿನ ಮೇಲ್ಗಡೆ, ಅಲ್ಯೂಮಿನಿಯಂ ಕಾರ್ಖಾನೆಯ ವಿದ್ಯುತ್ತಿಗೆಂದು ಹಾಕಿದ ದಪ್ಪ ನೀರಿನ ಕೊಳವೆಗಳ ಮಗ್ಗುಲಲ್ಲೇ ಒಂದು ಕಲ್ಲುದಾರಿ ಗುಡ್ಡ ಹತ್ತುತ್ತದೆ. ಕಲ್ಲು, ಏರುಗಳ ಮೇಲೆ ಕಾಲೂರದೆ ಬೈಕು ದಾಟಿಸುವ ಟ್ರಯಲ್ಸ್ ಸ್ಪರ್ಧೆಯ ಸವಾರರಿಗೆ ಅದು ‘ಪೈಪ್‌ಲೈನ್’. 1965ಕ್ಕಿಂತ ಹಿಂದಿನ ಬೈಕುಗಳಿಗೆಂದೇ ಒಂದು ಸ್ಪರ್ಧೆ 1984ರಿಂದ ಈ ಊರಿನ ಸುತ್ತ ನಡೆದುಬಂದಿದೆ. ಕಾಲು ನೆಲಕ್ಕೆ ತಾಗಿಸದೆ ಒಂದು ಏರನ್ನು ಮುಗಿಸಿದರೆ ಸೊನ್ನೆ. ಒಮ್ಮೆ ತಾಗಿಸಿದರೆ 1, ಎರಡು ಸಲಕ್ಕೆ 2, ಅದಕ್ಕಿಂತ ಹೆಚ್ಚಾದರೆ 3, ಗಾಡಿ ನಿಂತೇ ಹೋದರೆ 5. ಕೊನೆಗೆ ಯಾರ ಲೆಕ್ಕ ಕಡಿಮೆಯೋ ಅವರದೇ ಗೆಲುವು.

ಇಷ್ಟೆಲ್ಲ ನಡೆಯುವುದು ಮನುಷ್ಯ ನಡೆದುಹೋಗುವ ವೇಗದಲ್ಲಿ. ರಿಪೇರಿ ಮಾಡುವವರು ಮೊದಲು ತಲೆಗೆ ಹಾಕಿಕೊಳ್ಳಬೇಕಾದದ್ದು ಇದನ್ನೇ. ಹೆದ್ದಾರಿಯಲ್ಲಿ 70 ಕಿ.ಮೀ. ವೇಗದಲ್ಲಿ ಓಡುವಾಗ ಸೊರಗಿದ ಕಿಡಿ, ಕಾರ್ಬುರೇಟರಿನ ಸವೆದ ಸ್ಲೈಡ್, ಅಂಟುವ ಕ್ಲಚ್ ಎಲ್ಲವೂ ಮುಚ್ಚಿಹೋಗುತ್ತವೆ. ಎಂಜಿನ್ ಏಟುಗಳನ್ನು ಕಿವಿಯಲ್ಲಿ ಎಣಿಸಬಹುದಾದಷ್ಟು ನಿಧಾನವಾಗಿ ಕಲ್ಲು ಹತ್ತುವಾಗ ಒಂದೂ ಮುಚ್ಚಿಹೋಗುವುದಿಲ್ಲ.

1965ರ ಗಡಿಗೂ ಕಾರಣವಿದೆ. ಬ್ರಿಟನ್ನಿನ ಏರಿಯಲ್ ಎಚ್‌ಟಿ5 ಫೋರ್-ಸ್ಟ್ರೋಕ್ ಬೈಕಿನ ಮೇಲೆ 1962 ಮತ್ತು 1964ರ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಗೆದ್ದ ಸ್ಯಾಮಿ ಮಿಲ್ಲರ್, 1965ರಲ್ಲಿ ಸ್ಪೇನಿನ ಬುಲ್ಟಾಕೊ ಟೂ-ಸ್ಟ್ರೋಕ್ ಏರಿ ಅದೇ ಸ್ಪರ್ಧೆ ಗೆದ್ದರು. ಬ್ರಿಟನ್ನಿನ ಭಾರಿ ಫೋರ್-ಸ್ಟ್ರೋಕ್‌ಗಳ ಕಾಲ ಅಲ್ಲಿಗೆ ಮುಗಿಯಿತು. ನಮ್ಮ ಕಡೆಯವರಿಗೆ ಆ ಪೈಕಿ ಒಂದು ಗಾಡಿ ಮನೆಯದೇ ಎನ್ನುವಷ್ಟು ಪರಿಚಿತ. ಜಾನಿ ಬ್ರಿಟನ್ 1952 ಮತ್ತು 1957ರಲ್ಲಿ ಸಿಕ್ಸ್ ಡೇಸ್ ಗೆದ್ದದ್ದು ರಾಯಲ್ ಎನ್‌ಫೀಲ್ಡ್ 350 ಬುಲೆಟ್ ಮೇಲೆ. 1955ರಿಂದ ಮದ್ರಾಸಿನಲ್ಲಿ ತಯಾರಾದದ್ದೂ ಆ ವಂಶದ ಬುಲೆಟ್ಟೇ. ಬಲಗಾಲಿನ ಗೇರು, ಎಡಗಾಲಿನ ಬ್ರೇಕಿಗೆ ಒಗ್ಗಿದ ಹಳೆಯ ಬುಲೆಟ್ ಸವಾರರು ಈ ಬೈಕುಗಳ ಮೇಲೆ ಕೂತರೆ ಕಾಲಿಗೆ ಹೊಸ ಪಾಠ ಬೇಕಿಲ್ಲ.

ಕಾರ್ಬುರೇಟರಿನಿಂದ ಶುರುಮಾಡೋಣ. ಗಾಡಿ ಎಳೆಯುತ್ತಿಲ್ಲ ಎಂದ ಕೂಡಲೇ ದೊಡ್ಡ ಮೇನ್ ಜೆಟ್ (ಪೆಟ್ರೋಲು ಹರಿಯುವ ಮುಖ್ಯ ರಂಧ್ರ) ಹುಡುಕುವ ಚಟ ಬಹಳ ಜನಕ್ಕಿದೆ. ಈ ಬೈಕುಗಳ ಅಮಲ್ ಕಾರ್ಬುರೇಟರಿನಲ್ಲಿ ಮೇನ್ ಜೆಟ್ಟಿನ ಮಾತು ನಡೆಯುವುದು ಆಕ್ಸಿಲರೇಟರ್ ಮುಕ್ಕಾಲು ತೆರೆದ ಮೇಲೆ. ಟ್ರಯಲ್ಸ್‌ನಲ್ಲಿ ಕಾಲುಭಾಗ ದಾಟುವುದೇ ಅಪರೂಪ. ಹಾಗಾಗಿ ಹಣ, ಸಮಯ ಎರಡನ್ನೂ ನಿಧಾನದ ಓಟಕ್ಕೆ ಪೆಟ್ರೋಲು ಕೊಡುವ ಪೈಲಟ್ ಜೆಟ್, ಅದರ ಗಾಳಿ ಹೊಂದಿಸುವ ಏರ್ ಸ್ಕ್ರೂ ಮತ್ತು ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡಿನ ಮೇಲೆ ಸುರಿಯಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಸ್ಕ್ರೂವನ್ನು ಒತ್ತಡ ಹಾಕದೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ಬಿಡಿ. ಸ್ಲೈಡ್ ನಿಲ್ಲಿಸುವ ಸ್ಕ್ರೂವಿನಿಂದ ಐಡ್ಲಿಂಗ್ ತುಸು ಏರಿಸಿ. ಈಗ ಏರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಆಚೀಚೆ ಆಡಿಸಿ, ಎಂಜಿನ್ ಅತಿ ಹೆಚ್ಚು ವೇಗವಾಗಿ ಮತ್ತು ಸಮನಾಗಿ ಓಡುವ ಜಾಗ ಹಿಡಿಯಿರಿ. ಆಮೇಲೆ ಐಡ್ಲಿಂಗ್ ಇಳಿಸಿ. ಇದನ್ನು ಎರಡು ಮೂರು ಸಲ ಮಾಡಿದರೆ ಎಂಜಿನ್ ‘ಟಪ್... ಟಪ್...’ ಎಂದು ಬಿಡಿಬಿಡಿಯಾಗಿ ಓಡತೊಡಗುತ್ತದೆ. ಈ ಸ್ಕ್ರೂ ಅಳೆಯುವುದು ಗಾಳಿಯನ್ನು. ಒಳಗೆ ತಿರುಗಿಸಿದಷ್ಟೂ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚು. ಇದನ್ನು ತಿರುಗುಮುರುಗು ತಿಳಿದು ಇಡೀ ದಿನ ಕಳೆಯುವವರಿದ್ದಾರೆ.

ಐಡ್ಲಿಂಗ್ ಸರಿಯಿದ್ದು, ಆಕ್ಸಿಲರೇಟರ್ ತೆರೆದ ಕ್ಷಣ ಕಾರ್ಬುರೇಟರ್ ಸೀನಿದಂತೆ ಮಾಡಿ ಎಂಜಿನ್ ಬಂದ್ ಆದರೆ ಸ್ಲೈಡಿನ ಕೆಳ ಅಂಚಿನ ಓರೆ ಕೊರೆತ, ಅಂದರೆ ಕಟ್‌ಅವೇ ನೋಡಿ. ಸ್ಲೈಡಿನ ಮೇಲಿನ ಅಂಕಿ ಇಂಚಿನ ಹದಿನಾರನೇ ಭಾಗದ ಲೆಕ್ಕ: 3 ಎಂದರೆ 3/16 ಇಂಚು. ಅಂಕಿ ಕಡಿಮೆಯಾದಷ್ಟೂ ಮಿಶ್ರಣ ಗಟ್ಟಿ. ಸೀನಿದರೆ ಒಂದು ನಂಬರ್ ಕೆಳಗೆ, ಕಪ್ಪು ಹೊಗೆ ಉಗುಳಿ ತಡವರಿಸಿದರೆ ಒಂದು ಮೇಲೆ. ಅದಕ್ಕೂ ಮೊದಲು ಸ್ಲೈಡನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ. ಸವೆದು ಗಡಗಡ ಅನ್ನುವ ಸ್ಲೈಡಿನ ಸಂದಿಯಲ್ಲಿ ಗಾಳಿ ನುಗ್ಗುತ್ತಿದ್ದರೆ ಯಾವ ಜೆಟ್ ಹಾಕಿದರೂ ಐಡ್ಲಿಂಗ್ ನಿಲ್ಲದು. ಫ್ಲ್ಯಾಂಜಿನ ನಟ್ಟುಗಳನ್ನು ಅತಿಯಾಗಿ ಬಿಗಿದು ಬಾಡಿಯನ್ನೇ ಬಾಗಿಸಿದ್ದರೆ ಸ್ಲೈಡ್ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಅಮಲ್‌ನ ಮಾನೊಬ್ಲಾಕ್ ಮಾದರಿಯ ಪೈಲಟ್ ಜೆಟ್ ಬಿಚ್ಚಿ ತೊಳೆಯಬಹುದು. 1967ರ ನಂತರದ ಕಾನ್ಸೆಂಟ್ರಿಕ್ ಮಾದರಿಗಳಲ್ಲಿ ಬಹುಪಾಲು ಅದು ಏರ್ ಸ್ಕ್ರೂವಿನ ರಂಧ್ರದ ಒಳತುದಿಯಲ್ಲಿ ಬಡಿದು ಕೂರಿಸಿದ ಸಣ್ಣ ಬುಷ್. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲು ಒಣಗಿ ಅದು ಕಟ್ಟುತ್ತದೆ. ಸ್ಪ್ರೇಗೂ ಗಾಳಿಗೂ ಬಗ್ಗದು. 0.016 ಇಂಚಿನ, ಅಂದರೆ 78ನೇ ನಂಬರಿನ ಡ್ರಿಲ್ ಬಿಟ್ಟನ್ನು ಉದ್ದದ ಕಡ್ಡಿಯ ತುದಿಗೆ ಸಿಕ್ಕಿಸಿ ಕೈಯಿಂದಲೇ ನಿಧಾನವಾಗಿ ತಿರುಗಿಸಿದರೆ ಮಾತ್ರ ಬಿಡುತ್ತದೆ.

ಪೆಟ್ರೋಲಿನದೇ ಇನ್ನೊಂದು ರಗಳೆ ಎಥೆನಾಲ್. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲು ಇ10, ಅಂದರೆ ಶೇ. 10ರವರೆಗೆ ಎಥೆನಾಲ್ ಬೆರೆತದ್ದು. ನಮ್ಮ ಬಂಕುಗಳಲ್ಲಿ ಈಗ ಇ20. ಆ ಕಾಲದ ಟ್ರಯಲ್ಸ್ ಬೈಕುಗಳಲ್ಲಿ ಭಾರ ಇಳಿಸಲೆಂದು ಹಾಕಿದ ಫೈಬರ್‌ಗ್ಲಾಸ್ ಟ್ಯಾಂಕು ಎಥೆನಾಲಿಗೆ ಮೆತ್ತಗಾಗಿ ಬೊಬ್ಬೆಯೇಳುತ್ತದೆ, ಕರಗಿದ ರೆಸಿನ್ ಹರಿದುಬಂದು ಸ್ಲೈಡಿಗೆ ಅಂಟುತ್ತದೆ. ಒಳಗೆ ಲೇಪ ಹಚ್ಚುವುದಕ್ಕಿಂತ ಅಲ್ಯೂಮಿನಿಯಂ ಟ್ಯಾಂಕು ಮಾಡಿಸುವುದೇ ಲೇಸು. ಓಡಿಸಿದ ದಿನವೇ ನಲ್ಲಿ ಮುಚ್ಚಿ ಫ್ಲೋಟ್ ಬಟ್ಟಲು ಖಾಲಿ ಮಾಡಿಡಿ.

ಬ್ಯಾಟರಿಯಿಲ್ಲದೆ ಅಯಸ್ಕಾಂತದಿಂದಲೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ವಿಚಾರಕ್ಕೆ ಬಂದರೆ, ಅದು ತಿರುಗುವುದು ಎಂಜಿನಿನ ಅರ್ಧ ವೇಗದಲ್ಲಿ. ಕಿಕ್ ಹೊಡೆಯುವಾಗ ಅಥವಾ ಏರಿನಲ್ಲಿ ಎಂಜಿನ್ ತೆವಳುವಾಗ ಕಿಡಿ ಹುಟ್ಟುವುದೇ ಕಷ್ಟ. ಆದ್ದರಿಂದ ಪ್ಲಗ್ ಸಂದು 0.018ರಿಂದ 0.020 ಇಂಚು, ಪಾಯಿಂಟ್ ಸಂದು 0.012 ಇಂಚು. ಕಾರಿನ ಕಾಯಿಲ್ ರೂಢಿಯಲ್ಲಿ ಪ್ಲಗ್ ಸಂದನ್ನು 0.030ಕ್ಕೆ ಬಿಟ್ಟರೆ ವೇಗದಲ್ಲಿ ಓಡೀತು, ನಿಧಾನದಲ್ಲಿ ಮಿಸ್ಸಿಂಗ್ ಖಚಿತ. ಕಿಡಿ ಹಾರುವ ಗಳಿಗೆಯನ್ನು ಹಿಂದುಮುಂದು ಮಾಡುವ ಹ್ಯಾಂಡಲಿನ ಅಡ್ವಾನ್ಸ್-ರಿಟಾರ್ಡ್ ಸನ್ನೆಯನ್ನು ಪೂರ್ತಿ ರಿಟಾರ್ಡ್ ಮಾಡಿ ಕಿಕ್ ಹೊಡೆಯುವುದೂ ಜಾಣತನವಲ್ಲ: ಅಯಸ್ಕಾಂತದ ಬಲ ಹೆಚ್ಚಿರುವ ಜಾಗದಿಂದ ಪಾಯಿಂಟ್ ತೆರೆಯುವ ಗಳಿಗೆ ದೂರ ಸರಿದು ಕಿಡಿ ಇನ್ನೂ ಸೊರಗುತ್ತದೆ. ಕಾಲಿಗೆ ತಿರುಗಿ ಒದೆಯದಷ್ಟು, ಅರ್ಧ ರಿಟಾರ್ಡ್ ಸಾಕು.

ತಣ್ಣಗಿದ್ದಾಗ ಒಂದೇ ಕಿಕ್‌ಗೆ ಏಳುತ್ತದೆ, ಇಪ್ಪತ್ತು ನಿಮಿಷ ಓಡಿ ಆರುತ್ತದೆ, ತಣ್ಣಗಾಗುವವರೆಗೆ ಜಪ್ಪಯ್ಯ ಅನ್ನುವುದಿಲ್ಲ. ಈ ಲಕ್ಷಣ ಕಂಡರೆ ಕಾರ್ಬುರೇಟರ್ ಬಿಚ್ಚಬೇಡಿ. ಲ್ಯೂಕಸ್ ಮ್ಯಾಗ್ನೆಟೊದ ಆರ್ಮೇಚರಿನೊಳಗೆ (ತಿರುಗುವ ಸುರುಳಿಯ ಭಾಗ) ಕೂತ ಕಂಡೆನ್ಸರ್ ಸತ್ತಿದೆ, ಇಲ್ಲವೇ ಸುರುಳಿಗೆ ಬಳಿದ ಹಳೆಯ ಅರಗು ಕಾವಿಗೆ ಕರಗುತ್ತಿದೆ. ಪಾಯಿಂಟುಗಳ ನಡುವೆ ಎದ್ದು ಕಾಣುವಂತೆ ಕಿಡಿ ಹಾರುತ್ತಿದ್ದರೆ ಕಂಡೆನ್ಸರೇ. ಬಿಚ್ಚುವ ಮೊದಲು ಬಾಡಿಯಲ್ಲಿರುವ ಸುರಕ್ಷತಾ ಕಿಡಿಯ ಸ್ಕ್ರೂ ಮತ್ತು ಅರ್ತ್ ಬ್ರಷ್ ಎರಡನ್ನೂ ತೆಗೆಯಬೇಕು. ಮರೆತು ಆರ್ಮೇಚರ್ ಎಳೆದರೆ, ಕಿಡಿಯನ್ನು ಪ್ಲಗ್ ವೈರಿಗೆ ದಾಟಿಸುವ ಸ್ಲಿಪ್ ರಿಂಗ್ ಚೂರಾಗುತ್ತದೆ. ಸ್ಲಿಪ್ ರಿಂಗ್ ಒರೆಸಲು ಇಷ್ಟೆಲ್ಲ ಬೇಡ: ಪ್ಲಗ್ ವೈರಿನ ಪಿಕಪ್ ಬಿಚ್ಚಿ, ಪೆನ್ಸಿಲಿಗೆ ಪೆಟ್ರೋಲು ತೋಯಿಸಿದ ಬಟ್ಟೆ ಸುತ್ತಿ ಆ ರಂಧ್ರದಲ್ಲಿ ಹಿಡಿದು, ಎಂಜಿನನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ. ಬಟ್ಟೆಗೆ ಹತ್ತಿದ ಮಸಿ ನೋಡಿದರೆ ಕಿಡಿ ಎಲ್ಲಿ ಸೋರಿಹೋಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಆಯಿಲ್ ಟ್ಯಾಂಕು ಬೇರೆಯಾಗಿರುವ ಗಾಡಿಗಳು ವಾರಗಟ್ಟಲೆ ನಿಂತರೆ, ಸವೆದ ಪಂಪಿನ ಮೂಲಕ ಟ್ಯಾಂಕಿನ ಆಯಿಲೆಲ್ಲ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಹಾಗೇ ಕಿಕ್ ಹೊಡೆದರೆ ಬ್ರೀದರಿನಿಂದಲೂ ಸೀಲುಗಳಿಂದಲೂ ಕಕ್ಕುತ್ತದೆ. ಕೆಳಗಿನ ಪ್ಲಗ್ ಬಿಚ್ಚಿ ಬಸಿದು, ಅಳೆದು, ಶುದ್ಧವಿದ್ದರೆ ಟ್ಯಾಂಕಿಗೇ ಸುರಿಯಿರಿ. ಸ್ಟಾರ್ಟ್ ಆದ ಮೇಲೆ ಮುಚ್ಚಳ ತೆಗೆದು ರಿಟರ್ನ್ ಪೈಪಿನಿಂದ ಆಯಿಲ್ ಬೀಳುವುದನ್ನು ಕಣ್ಣಾರೆ ನೋಡಿ. ಪೈಪಿಗೆ ನಲ್ಲಿ ಹಾಕುವ ಉಪಾಯ ನಮಗೆ ಒಪ್ಪಿಗೆಯಿಲ್ಲ. ಒಂದೇ ಒಂದು ಸಲ ತೆರೆಯಲು ಮರೆತರೆ ಬಿಗ್ ಎಂಡ್ ಬೇರಿಂಗ್ ಹೋಯಿತು.

ಬುಲೆಟ್ ಮತ್ತು ಎಜೆಎಸ್ ಕಂಪನಿಯ ಸಿಂಗಲ್‌ಗಳಿಗೆ (ಒಂಟಿ ಸಿಲಿಂಡರಿನ ಬೈಕುಗಳಿಗೆ) ವಾಲ್ವ್ ಸಂದು ಸೊನ್ನೆ: ಎಂಜಿನ್ ತಣ್ಣಗಿದ್ದು ವಾಲ್ವ್ ಮುಚ್ಚಿರುವಾಗ ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಕ್ಲಚ್ಚಿನ ಕವರ್ ತೆಗೆದು ಸನ್ನೆ ಒತ್ತಿದಾಗ ಪ್ರೆಶರ್ ಪ್ಲೇಟು ತಟ್ಟೆಯಂತೆ ಸಮನಾಗಿ ಏಳಬೇಕು. ಒಂದು ಕಡೆ ಮೊದಲು ಎದ್ದರೆ ಆ ಕಡೆಯ ಸ್ಪ್ರಿಂಗಿನ ಸ್ಕ್ರೂವನ್ನು ಅರ್ಧರ್ಧ ಸುತ್ತು ಬಿಗಿಯಿರಿ. 5/8 ಇಂಚಿನ ಪಿಚ್ಚಿರುವ ಚೈನಿನ 20 ಪಿಚ್ಚು 12½ ಇಂಚು ಇರಬೇಕು. 12¾ ಆದರೆ ಬದಲಾಯಿಸಿ.

ಸ್ಪಾನರಿನ ಬಗ್ಗೆ ಒಂದು ಮಾತು. ಹಳೆಯ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಸ್ಪಾನರಿನ ಮೇಲಿನ ಅಂಕಿ ಬೋಲ್ಟಿನ ದಪ್ಪದ್ದು, ತಲೆಯದಲ್ಲ. ಕಾಲಿಂಚು ವಿಟ್‌ವರ್ತ್ ತಲೆ 13.3 ಮಿ.ಮೀ.; 13ರ ಸ್ಪಾನರ್ ಹಿಡಿಸದು, 14ರದು ಜಾರಿ ಮೂಲೆ ಸವೆಸುತ್ತದೆ. 5/16 ಇಂಚಿನ ಸೈಕಲ್ ಥ್ರೆಡ್ಡಿಗೆ ಇಂಚಿಗೆ 26 ಹಲ್ಲು, ಈಗಿನ 8 ಮಿ.ಮೀ. ಎಂ8 ಬೋಲ್ಟಿಗೆ ಇಪ್ಪತ್ತು ಚಿಲ್ಲರೆ. ದಪ್ಪ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎಂ8 ಬೋಲ್ಟು ಮೊದಲ ಸುತ್ತು ಹಿಡಿದಂತೆ ಮಾಡಿ ಎರಡನೆಯದರಲ್ಲಿ ಥ್ರೆಡ್ಡನ್ನೇ ತಿಂದುಹಾಕುತ್ತದೆ.

ಟೈರು ಹಿಂದೆ 4.00-18 ಅಥವಾ 19, ಮುಂದೆ 2.75-21. ಕಲ್ಲಿನ ಮೇಲೆ ಹಿಂದಿನದಕ್ಕೆ 4ರಿಂದ 5 ಪೌಂಡ್, ಮುಂದಿನದಕ್ಕೆ 6ರ ಸುತ್ತಮುತ್ತ ಗಾಳಿ. ಪಂಚರ್ ಅಂಗಡಿಯ ಗೇಜಿನಲ್ಲಿ ಇದು ಸರಿಯಾಗಿ ಕಾಣದು. 15 ಪೌಂಡಿಗೆ ಮುಗಿಯುವ ಗೇಜು ಬೇಕು. ಇಷ್ಟು ಕಡಿಮೆ ಗಾಳಿಯಲ್ಲಿ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ. ಅದಕ್ಕೇ ಟೈರನ್ನು ರಿಮ್ಮಿಗೆ ಅದುಮಿ ಹಿಡಿಯುವ ಸೆಕ್ಯುರಿಟಿ ಬೋಲ್ಟು, ಹಿಂದೆ ಎರಡು, ಮುಂದೆ ಒಂದು. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮುಚ್ಚಳದ ಹತ್ತಿರಕ್ಕೆ ತಿರುಗಿಸಿಡಿ. ವಾಲ್ವ್ ಓರೆಯಾದದ್ದು ಕಂಡಿತೆಂದರೆ ಟೈರು ಸರಿದಿದೆ.

ಸವಾರಿಯಲ್ಲಿ ಹೊಸಬರು ಎಡವುವುದು ಗೇರಿನಲ್ಲಿ. ಕಡಿದಾದ ಏರು ಕಂಡರೆ ಒಂದನೇ ಗೇರು ಹಾಕುತ್ತಾರೆ. ಚಕ್ರ ಗಿರಗಿರನೆ ತಿರುಗಿ ಅಲ್ಲೇ ಗುಂಡಿ ತೋಡುತ್ತದೆ. ಭಾರದ ಫ್ಲೈವೀಲಿರುವ ಸಿಂಗಲ್ ಎರಡನೇ ಗೇರಿನಲ್ಲೇ ಚೆನ್ನಾಗಿ ಹತ್ತುತ್ತದೆ. ಮೆಟ್ಟಿಲಿನಂಥ ಬಂಡೆ ಎದುರಾದರೆ ಮೊದಲೇ ತುಸು ವೇಗ ತುಂಬಿ, ಹಿಂದಿನ ಚಕ್ರ ಬಂಡೆಗೆ ತಾಗುವ ಮುನ್ನ ಆಕ್ಸಿಲರೇಟರ್ ಇಳಿಸಿ. ಮಿಕ್ಕದ್ದನ್ನು ಫ್ಲೈವೀಲ್ ಎಳೆದುಕೊಂಡು ಹೋಗುತ್ತದೆ. ಇಳಿಜಾರಿನ ಸಡಿಲು ಕಲ್ಲಲ್ಲಿ ಎಂಜಿನ್ ಬ್ರೇಕಿಗೆ ಹಿಂದಿನ ಚಕ್ರ ಕಚ್ಚಿ ಜಾರತೊಡಗಿದರೆ, ವಾಲ್ವ್ ಎತ್ತುವ ಸನ್ನೆಯನ್ನು ಸ್ವಲ್ಪ ಒತ್ತಿದರೆ ಹಿಡಿತ ಸಡಿಲಿ ಚಕ್ರ ಮತ್ತೆ ಉರುಳುತ್ತದೆ. ಹೊಳೆ ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಹಿಡಿದೇ ನಾಲ್ಕು ಮಾರು ಹೋಗಿ. ನೀರು ಹೊಕ್ಕ ಡ್ರಮ್ ಬ್ರೇಕು ಒಣಗುವವರೆಗೆ ಬ್ರೇಕಲ್ಲ.

ಸೈಡ್‌ಕಾರ್ ಜೋಡಿಸಿದರೆ ಗಾಡಿಯ ಸ್ವಭಾವವೇ ಬೇರೆ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಅದು ಎಡಕ್ಕೆ. ಆಕ್ಸಿಲರೇಟರ್ ಕೊಟ್ಟರೆ ಸೈಡ್‌ಕಾರ್ ಹಿಂದುಳಿದು ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಅದು ಮುಂದೊತ್ತಿ ಬಲಕ್ಕೆ ನೂಕುತ್ತದೆ. ಈ ಎಳೆತವನ್ನು ಅಂಕೆಯಲ್ಲಿಡುವುದು ಅಳತೆಯ ಕೆಲಸ. ಸಮತಟ್ಟಾದ ಸಿಮೆಂಟು ನೆಲದಲ್ಲಿ, ಮೊದಲು ಬೈಕಿನ ಎರಡು ಚಕ್ರಗಳೇ ಒಂದು ಗೆರೆಯಲ್ಲಿವೆಯೇ ನೋಡಿ. ನೇರವಾದ ಹಲಗೆಯನ್ನು ಹಿಂದಿನ ಟೈರಿಗೆ ಒತ್ತಿ ಇಟ್ಟಾಗ ಮುಂದಿನ ಟೈರಿನ ಎರಡೂ ಅಂಚಿನಲ್ಲಿ ಸಮನಾದ ಸಂದಿ ಉಳಿಯಬೇಕು, 4.00 ಮತ್ತು 2.75 ಟೈರಾದರೆ ಸುಮಾರು 5/8 ಇಂಚು. ಇನ್ನೊಂದು ಹಲಗೆ ಸೈಡ್‌ಕಾರಿನ ಚಕ್ರಕ್ಕೆ. ಎರಡು ಹಲಗೆಗಳ ನಡುವಿನ ದೂರ ಹಿಂದಿಗಿಂತ ಮುಂದೆ ಅರ್ಧ ಇಂಚು ಕಡಿಮೆ ಬರಲಿ. ಇದು ಟೋ-ಇನ್, ಕೆಳಗಿನ ಎರಡು ಜೋಡಣೆಗಳಿಂದ ಹೊಂದಿಸುವಂಥದ್ದು. ಹೆಚ್ಚಾದರೆ ಟೈರು ಉಜ್ಜಿಹೋಗುತ್ತದೆ, ಸಾಲದಿದ್ದರೆ ಎಡಕ್ಕೆ ಎಳೆಯುತ್ತದೆ. ಅದು ಕೂತ ಮೇಲೆ ಮೇಲಿನ ಎರಡು ತೋಳುಗಳಿಂದ ಬೈಕನ್ನು ಸೈಡ್‌ಕಾರಿನಿಂದ ಆಚೆಗೆ ತುಸು ವಾಲಿಸಬೇಕು. ಗಾರೆಯವರ ತೂಗುಗುಂಡು ಹ್ಯಾಂಡಲಿನಿಂದ ಇಳಿಬಿಟ್ಟರೆ ರಸ್ತೆಯ ಗಾಡಿಗೆ ಸುಮಾರು ಒಂದು ಇಂಚು ವಾಲಿಕೆ ಕಾಣಬೇಕು. ರಸ್ತೆಗಿಳಿಯದ ಟ್ರಯಲ್ಸ್ ಗಾಡಿಯನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿದರೆ ಸಾಕು. ಈ ಅಳತೆಗಳೆಲ್ಲ ಇಬ್ಬರೂ ಗಾಡಿಯ ಮೇಲಿದ್ದಾಗಿನವು.

ಓಡುವಾಗ ಸೈಡ್‌ಕಾರಿನಲ್ಲಿರುವವರಿಗೆ ಸವಾರನಷ್ಟೇ ಕೆಲಸ. ಎಡ ತಿರುವಿನಲ್ಲಿ ಸೈಡ್‌ಕಾರಿನ ಚಕ್ರ ಏಳುತ್ತದೆ, ಆಗ ಮೈಯನ್ನು ಎಡಕ್ಕೆ ಹೊರಚಾಚಬೇಕು. ಬಲ ತಿರುವಿನಲ್ಲಿ ಸವಾರನ ಬೆನ್ನ ಹಿಂದೆ ಸರಿಯಬೇಕು. ಏರಿನಲ್ಲಿ ಪೂರ್ತಿ ಭಾರ ಹಿಂದಿನ ಚಕ್ರದ ಮೇಲೆ, ಏಕೆಂದರೆ ನೂಕುವುದು ಅದೊಂದೇ. ಚೌಕಟ್ಟಿಗೆ ಬೆಸೆದ ಹಿಡಿಕೆಗಳು ಕೈಗವಸು ತೊಟ್ಟ ಮುಷ್ಟಿಗೆ ಸಲೀಸಾಗಿ ಸಿಗುವಷ್ಟು ಅಗಲವಿರಲಿ, ತಳದ ಹಲಗೆಯಲ್ಲಿ ನೀರು ಇಳಿಯಲು ತೂತುಗಳಿರಲಿ.

ಬೈಕು ತಿರುವಿನಲ್ಲಿ ವಾಲುತ್ತದೆ, ಸೈಡ್‌ಕಾರ್ ಕಟ್ಟಿದ ಬೈಕು ವಾಲದು. ಆ ಅಡ್ಡ ಒತ್ತಡವನ್ನೆಲ್ಲ ಹಿಂದಿನ ಚಕ್ರದ ಕಡ್ಡಿಗಳೂ ಫ್ರೇಮಿನ ಜೋಡಣೆಗಳೂ ಹೊರಬೇಕು. ಜೋಡಣೆಯ ಬೋಲ್ಟುಗಳು ಬೆರಳಿನಿಂದಲೇ ತೂರಿಕೊಳ್ಳಬೇಕು. ಸುತ್ತಿಗೆ ಬೇಕಾಯಿತೆಂದರೆ ತೋಳಿನ ಉದ್ದ ತಪ್ಪಿದೆ, ಫ್ರೇಮು ನಿಂತಲ್ಲೇ ತಿರುಚಿಕೊಂಡಿದೆ ಎಂದರ್ಥ. ಮೊದಲ 50 ಮೈಲಿಯ ನಂತರ ಎಲ್ಲ ನಟ್ಟುಗಳನ್ನು ಮತ್ತೆ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಗಾಡಿ ತೊಳೆದಾಗಲೆಲ್ಲ ಕೆಳಗಿನ ಹಿಂದಿನ ಜೋಡಣೆಯ ಸುತ್ತ ಟಾರ್ಚು ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ, ಅದರ ಅಂಚಿನಲ್ಲಿ ತುಕ್ಕಿನ ಕೆಂಪು ಒಸರಿದ್ದರೆ ಅದು ಬರೀ ಬಣ್ಣ ಬಿರುಕು ಬಿಟ್ಟದ್ದಲ್ಲ. ಅಷ್ಟು ಜಾಗವನ್ನು ಕಬ್ಬಿಣ ಕಾಣುವವರೆಗೆ ಉಜ್ಜಿ, ಸೀಳು ಎಲ್ಲಿಯವರೆಗೆ ಹೋಗಿದೆ ಎಂದು ನೋಡುವ ತನಕ ಗಾಡಿಯನ್ನು ಹೊರಗೆ ತೆಗೆಯಬೇಡಿ.