ಕೋಲು ತಿಕ್ಕಿ ಬೆಂಕಿ: ಕಾಡಂಚಿನ ತಕರಾರಿನ ಹಿಂದಿನ ಕಥೆ

ಫೆಬ್ರವರಿ ಬಂತೆಂದರೆ ಉತ್ತರ ಕನ್ನಡದಲ್ಲಿ ಬೆಂಕಿಯ ತಕರಾರು ಶುರು. ಮೊದಲೆಲ್ಲ ಅದು ಅರಣ್ಯ ಇಲಾಖೆ ಮತ್ತು ಕಾಡಂಚಿನ ಊರುಗಳ ನಡುವಿನ ಮಾತಾಗಿತ್ತು. ಈಗ ಅದರಲ್ಲಿ ಮೂರನೆಯವರೂ ಸೇರಿಕೊಂಡಿದ್ದಾರೆ. ಕಡ್ಡಿಪೆಟ್ಟಿಗೆ ಇಲ್ಲದೆ, ಕೋಲಿಗೆ ಕೋಲು ತಿಕ್ಕಿ ಬೆಂಕಿ ಮಾಡುವುದನ್ನು ಕಲಿಯಲು ದಾಂಡೇಲಿ, ಜೋಯಿಡಾ, ಶಿರಸಿ ಕಡೆಗೆ ಬರುವ ನಗರದ ಹುಡುಗರು, ಅವರಿಗೆ ಕಲಿಸುವ ಶಿಬಿರದವರು.

ಒಬ್ಬೊಬ್ಬರದು ಒಂದೊಂದು ಮಾತು. ಇದು ಆದಿಮಾನವರ ವಿದ್ಯೆ, ಮರೆಯಬಾರದು ಎನ್ನುತ್ತಾರೆ ಶಿಬಿರದವರು. ಹೇಗೆ ಹುಟ್ಟಿದರೂ ಬೆಂಕಿ ಬೆಂಕಿಯೇ ಅನ್ನುತ್ತಾರೆ ಫಾರೆಸ್ಟ್ ಗಾರ್ಡ್. ನಾವು ಬೇಣದ (ಹುಲ್ಲುಗಾವಲಿನ) ಅಂಚಿಗೆ ದರಕು (ಉದುರಿದ ಒಣ ಎಲೆ) ಸುಟ್ಟರೆ ಕೇಸು, ಅವರು ದುಡ್ಡು ತಗೊಂಡು ತೋರಿಸಿದರೆ ಪ್ರವಾಸೋದ್ಯಮ, ಅಲ್ವಾ ಎಂದು ಕೇಳುತ್ತಾರೆ ಊರವರು. ಇದರ ನಡುವೆ ಹಳೆಯ ಮಾತೊಂದು: ಗಾಳಿಗೆ ಬಿದಿರು ಬಿದಿರಿಗೆ ಉಜ್ಜಿ ತಾನೇ ಬೆಂಕಿ ಬೀಳುತ್ತದಲ್ಲ, ಮನುಷ್ಯರನ್ನು ಯಾಕೆ ದೂರಬೇಕು? ಈ ಮಾತುಗಳೆಲ್ಲ ಒಂದರೊಳಗೊಂದು ಸಿಕ್ಕಿಕೊಂಡಿವೆ. ಬಿಡಿಸಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮರ ತಿಕ್ಕಿ ಬೆಂಕಿ ಮಾಡುವುದು ಇಲ್ಲಿಗೆ ಹೊರಗಿನಿಂದ ಬಂದ ಹೊಸ ಹುಚ್ಚಲ್ಲ. ಗೋಕರ್ಣದಲ್ಲಿ ಅಗ್ನಿಹೋತ್ರ ಹಿಡಿದ ಮನೆತನಗಳಿದ್ದವು. ಅವರ ಯಜ್ಞದ ಬೆಂಕಿ ಹುಟ್ಟುತ್ತಿದ್ದುದು ಅರಣಿಯಿಂದ. ಕೆಳಗೊಂದು ಕಟ್ಟಿಗೆ, ಮೇಲೊಂದು ಕಟ್ಟಿಗೆ. ಮೇಲಿನದರ ತುಂಡೊಂದನ್ನು ಕಡೆಗೋಲಿನ ತುದಿಗೆ ಸೇರಿಸಿ, ಹಗ್ಗ ಸುತ್ತಿ, ಮಜ್ಜಿಗೆ ಕಡೆದ ಹಾಗೆ ಒಬ್ಬರು ಎಳೆಯುತ್ತಾರೆ. ಇನ್ನೊಬ್ಬರು ಮೇಲಿನಿಂದ ಅದುಮಿ ಹಿಡಿಯುತ್ತಾರೆ. ಬನ್ನಿ ಮರದ ಮೇಲೆ ಹುಟ್ಟಿದ ಅಶ್ವತ್ಥದ ಕಟ್ಟಿಗೆಯೇ ಇದಕ್ಕೆ ಶ್ರೇಷ್ಠ ಎಂಬ ನಂಬಿಕೆ ಇದೆ. ಶತಪಥ ಬ್ರಾಹ್ಮಣದ ಪುರೂರವ–ಊರ್ವಶಿ ಕಥೆಯಲ್ಲೂ ಅದೇ ಕಟ್ಟಿಗೆ ಬರುತ್ತದೆ. ಋಗ್ವೇದದ ಮೂರನೆಯ ಮಂಡಲದಲ್ಲಿ ಅಗ್ನಿ ಕಡೆಯುವುದರ ಬಗ್ಗೆಯೇ ಒಂದು ಸೂಕ್ತವಿದೆ.

ಇವತ್ತು ಶಿಬಿರದಲ್ಲಿ ಕಲಿಸುವುದೂ ಇದರ ಅಣ್ಣತಮ್ಮನೇ. ಹಗ್ಗದ ಬದಲು ಬಿಲ್ಲು, ಅಷ್ಟೇ. ಈಜಿಪ್ಟಿನ ಟುಟಾಂಖಾಮನ್ ಸಮಾಧಿಯಲ್ಲೂ ಬೆಂಕಿ ಕಡೆಯುವ ಇಂಥದೇ ಸಾಧನ ಸಿಕ್ಕಿತ್ತು.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಈ ತಕರಾರಿನಲ್ಲಿರುವ ಅರ್ಧ ತಪ್ಪು ತಿಳಿವಳಿಕೆ ಅಲ್ಲೇ ಕರಗುತ್ತದೆ. ಕೆಳಗೆ ಹಗುರವಾದ, ಚೆನ್ನಾಗಿ ಒಣಗಿದ ಹಲಗೆ. ಅದರಲ್ಲೊಂದು ಸಣ್ಣ ಕುಳಿ. ಕುಳಿಯಿಂದ ಹಲಗೆಯ ಅಂಚಿನವರೆಗೆ ಒಂದು ಕಚ್ಚು. ಕುಳಿಯಲ್ಲಿ ನಿಲ್ಲಿಸಿದ ಕೋಲಿಗೆ ಬಿಲ್ಲಿನ ಹುರಿ ಒಂದು ಸುತ್ತು. ಕೋಲಿನ ತಲೆಗೆ ಕರಟದ ತುಂಡು, ಅಂಗೈ ಸುಡದ ಹಾಗೆ. ಬಿಲ್ಲನ್ನು ಹಿಂದೆ ಮುಂದೆ ಎಳೆದರೆ ಕೋಲು ತಿರುಗುತ್ತದೆ, ಹಲಗೆ ಸವೆಯುತ್ತದೆ, ಪುಡಿ ಕಚ್ಚಿನೊಳಗೆ ಬೀಳುತ್ತದೆ.

ಎಲ್ಲ ಆಟವೂ ಆ ಪುಡಿಯದ್ದು. ಒರಟಾದ ಕಂದು ಪುಡಿ ಬಂದರೆ ಬಿಸಿ ಸಾಲದು. ನಯವಾದ ಕಪ್ಪು ಪುಡಿ ಬಂದರೆ ಹತ್ತಿರ ಬಂದಿದ್ದೇವೆ ಅಂತ ಅರ್ಥ. ಕೀಚ್ ಎಂದು ಸದ್ದು ಬಂದರೆ ಕುಳಿ ನುಣುಪಾಗಿದೆ, ಚಿಟಿಕೆ ಮರಳು ಹಾಕಬೇಕು. ಪುಡಿಯ ಶಾಖ ಸುಮಾರು 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿ, ಜೊತೆಗೆ ಕಚ್ಚಿನಿಂದ ಗಾಳಿಯೂ ಸಿಕ್ಕರೆ ಮಾತ್ರ ಒಳಗೆ ಕಿಡಿ ಹುಟ್ಟುತ್ತದೆ. ಕೋಲು ನಿಲ್ಲಿಸಿದ ಮೇಲೂ ಪುಡಿಯ ಗುಡ್ಡೆಯಿಂದ ಹೊಗೆ ಏಳುತ್ತಿದ್ದರೆ ಕೆಂಡ ಆಗಿದೆ. ಅದನ್ನು ತೆಂಗಿನ ಕತ್ತ, ಒಣ ಬಾಳೆಪಟ್ಟೆಯ ನಾರು ಸೇರಿಸಿ ಮಾಡಿದ ಗೂಡಿಗೆ ಮೆಲ್ಲಗೆ ಉದುರಿಸಿ ಊದಬೇಕು. ಜೋರಾಗಿ ಊದಿದರೆ ಚದುರಿ ಹೋಗುತ್ತದೆ.

ಕಟ್ಟಿಗೆಯ ಆಯ್ಕೆಯಲ್ಲೇ ಬಹಳ ಜನ ಸೋಲುವುದು. ನಮ್ಮ ಕಾಡಿನ ಹೆಸರಾಂತ ಮರಗಳಾದ ತೇಗ, ಮತ್ತಿ, ಹೊನ್ನೆ ಗಟ್ಟಿ ಜಾತಿಯವು, ಹೊಸಬರ ಕೈಗೆ ಒಗ್ಗುವುದಿಲ್ಲ. ಬೇಕಾದದ್ದು ಉಗುರು ಊರಿದರೆ ಗುರುತು ಬೀಳುವಷ್ಟು ಮೆತ್ತನೆಯ ಕಟ್ಟಿಗೆ. ಅಳಿವೆ ದಡದಲ್ಲಿ ಹಳದಿ ಹೂ ಬಿಡುವ ದಾಸವಾಳ ಜಾತಿಯ ಮರವೊಂದಿದೆ. ಪೆಸಿಫಿಕ್ ದ್ವೀಪಗಳ ಜನ ಅದೇ ಮರದಲ್ಲಿ ಬೆಂಕಿ ತಿಕ್ಕುತ್ತಿದ್ದರು. ಕಾರವಾರ, ಅಂಕೋಲಾ, ಕುಮಟಾ ಕಡೆ ಅದು ಕೈಗೆಟುಕುವಷ್ಟು ಹತ್ತಿರ ಇದೆ. ಆದರೂ ಮಳೆಗಾಲದಲ್ಲಿ ಯಾವ ಕಟ್ಟಿಗೆಯೂ ಮಾತು ಕೇಳುವುದಿಲ್ಲ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಜುಲೈಯಲ್ಲಿ ಹೊರಗಿಟ್ಟ ಕಟ್ಟಿಗೆ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಷ್ಟು ಕಷ್ಟ ಇದ್ದುದಕ್ಕೇ ನಮ್ಮ ಹಿಂದಿನವರು ದಿನಾ ಬೆಂಕಿ ಹುಟ್ಟಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಹುಟ್ಟಿದ್ದನ್ನು ಆರಲು ಬಿಡುತ್ತಿರಲಿಲ್ಲ. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚುವುದು, ಬೆಳಿಗ್ಗೆ ಕೆದಕುವುದು. ಆರಿಹೋದರೆ ಪಕ್ಕದ ಮನೆಯಿಂದ ಕರಟದಲ್ಲಿ ಕೆಂಡ ತರುವುದು. ದಾರಿಯಲ್ಲಿ ಚಕಮಕಿ ಕಲ್ಲು, ಉಕ್ಕಿನ ತುಂಡು, ಕಿಡಿ ಹಿಡಿಯಲು ಬೈನೆ ಮರದ ಎಲೆಬುಡದ ಮೆತ್ತನೆಯ ನವಿರು. 1826ರಲ್ಲಿ ಇಂಗ್ಲೆಂಡಿನ ಜಾನ್ ವಾಕರ್ ತಿಕ್ಕಿದರೆ ಹತ್ತುವ ಕಡ್ಡಿ ಮಾಡಿದ. ಆಮೇಲೆ ಸ್ವೀಡನ್ನಿನ ಪೆಟ್ಟಿಗೆ ಬಂತು, 1920ರ ದಶಕದಲ್ಲಿ ಶಿವಕಾಶಿಯದು ಬಂತು. ಅಲ್ಲಿಗೆ ಮನೆಬಳಕೆಯ ಚಕಮಕಿ ಮುಗಿಯಿತು. ಅರಣಿ ಮಾತ್ರ ಯಜ್ಞಶಾಲೆಯಲ್ಲಿ ಉಳಿಯಿತು.

ಕಾಡಿನ ಬೆಂಕಿಯ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1801ರಲ್ಲಿ ಈ ಸೀಮೆಯಲ್ಲಿ ತಿರುಗಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕುಮರಿ ಬೇಸಾಯದ ಬಗ್ಗೆ ಬರೆದಿದ್ದಾನೆ. ಮಳೆಗಾಲ ಕಳೆದ ಮೇಲೆ ಗುಡ್ಡದ ಒಂದು ತುಂಡು ಸವರುವುದು, ಒಣಗಲು ಬಿಡುವುದು, ಮಳೆಗೆ ಮುಂಚೆ ಸುಡುವುದು, ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ವರ್ಷ ಬೆಳೆದು ಆ ಜಾಗ ಬಿಟ್ಟು ಮುಂದೆ ಹೋಗುವುದು. ಸುಡುವ ದಿನ ಗಾಳಿ ಯಾವ ಕಡೆಗಿದೆ, ಅಂಚು ಎಷ್ಟು ಅಗಲ ಸವರಬೇಕು, ಬೆಂಕಿ ದಾಟಿದರೆ ಎದುರು ಬೆಂಕಿ ಎಲ್ಲಿಂದ ಕೊಡಬೇಕು ಎಂಬುದನ್ನೆಲ್ಲ ಬಲ್ಲವರೇ ಈ ಕೆಲಸಕ್ಕೆ ಕೈ ಹಾಕುತ್ತಿದ್ದುದು. ಒಲೆಯಿಂದ ತಂದ ಒಂದು ಕೊಳ್ಳಿ ಸಾಕಿತ್ತು. ಅವರ ಪರಿಣತಿ ಇದ್ದುದು ಬೆಂಕಿಯನ್ನು ನಿಲ್ಲಿಸುವುದರಲ್ಲಿ.

ಸರ್ಕಾರಕ್ಕೆ ಆಗ ಬೇಕಿದ್ದುದು ತೇಗ. 1860ರ ಹೊತ್ತಿಗೆ ಮದ್ರಾಸ್ ಸರ್ಕಾರ ಕುಮರಿಗೆ ಅಪ್ಪಣೆ ಬೇಕೆಂದಿತು, 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಹೋಯಿತು, 1878ರ ಕಾಯ್ದೆ ಬಂತು, 1927ರದು ಬಂತು, 1963ರಲ್ಲಿ ಕರ್ನಾಟಕದ್ದೇ ಅರಣ್ಯ ಕಾಯ್ದೆ ಆಯಿತು. ಪ್ರತಿ ಸಲವೂ ಊರವರ ಕೈಯ ಬೆಂಕಿ ಒಂದು ಹೆಜ್ಜೆ ಹಿಂದೆ ಸರಿಯಿತು. ಅಡಿಕೆ ತೋಟದವರಿಗೆ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು ಸಿಕ್ಕಿತು. ಕುಮರಿ ಮಾಡುತ್ತಿದ್ದವರಿಗೆ ಅಂಥದ್ದೇನೂ ಸಿಗಲಿಲ್ಲ. 1930ರ ಚಳವಳಿಯ ಕಾಲಕ್ಕೆ ಇಲ್ಲಿ ಉಪ್ಪಿನ ಜೊತೆ ಕಾಡಿನ ಕಾನೂನನ್ನೂ ಮುರಿದಿದ್ದರ ಹಿಂದೆ ಇಂಥ ಸಿಟ್ಟೂ ಇತ್ತು.

ಇವತ್ತಿನ ಕಾನೂನು ಬಿಗಿಯಾಗಿದೆ. ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿ ಇಲ್ಲದೆ ಬೆಂಕಿ ಹೊತ್ತಿಸುವುದೂ ಬೆಂಕಿ ಒಯ್ಯುವುದೂ ತಪ್ಪು. ಅಭಯಾರಣ್ಯಕ್ಕೆ ಅಪಾಯವಾಗುವ ಹಾಗೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಕಾಯ್ದೆ ತಡೆಯುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತ ಇದು ಸುಮ್ನೆ ಕಾಗದದ ಮಾತಲ್ಲ. ಬೇಸಿಗೆಯಲ್ಲಿ ವಾಚರ್‌ಗಳು ಹಗಲೂ ರಾತ್ರಿ ಕಾಯುತ್ತಾರೆ. ಹಳಿಯಾಳ, ಮುಂಡಗೋಡ ಕಡೆಯ ಎಲೆ ಉದುರುವ ಕಾಡಿನಲ್ಲಿ ಮಾರ್ಚ್ ಹೊತ್ತಿಗೆ ಮೊಣಕಾಲುದ್ದ ದರಕು ಇರುತ್ತದೆ. ಒಂದು ಕಿಡಿ ಸಾಕು.

ಇನ್ನು ಬಿದಿರಿನ ಮಾತು. ಬಿದಿರಿನಿಂದ ಬೆಂಕಿ ತಿಕ್ಕಬಹುದು ಎಂಬುದು ನಿಜ. ಒಣಗಿದ ಬಿದಿರನ್ನು ಉದ್ದಕ್ಕೆ ಸೀಳಿ, ಒಂದು ಹೋಳಿನ ಬೆನ್ನಿಗೆ ಕಚ್ಚು ಹಾಕಿ, ಒಳಗೆ ಹೆರೆದ ಪುಡಿ ತುಂಬಿ, ಇನ್ನೊಂದು ಹೋಳಿನ ಅಂಚಿನಿಂದ ಗರಗಸ ಹಾಕಿದ ಹಾಗೆ ಉಜ್ಜುತ್ತಾರೆ. ಆಗ್ನೇಯ ಏಷ್ಯಾದಲ್ಲಿ ಇದು ಹಳೆಯ ವಿಧಾನ. ಆದರೆ ಅಲ್ಲಿ ಒತ್ತಡ ಒಂದೇ ಜಾಗದ ಮೇಲೆ ಬೀಳುತ್ತದೆ, ಪುಡಿ ಒಂದೇ ಕಡೆ ಕೂಡುತ್ತದೆ. ಗಾಳಿಗೆ ತೂಗುವ ಹಿಂಡಿಲಿನಲ್ಲಿ ಗಳುಗಳು ಜಾರುತ್ತವೆ, ತಿಕ್ಕುವ ಜಾಗ ಬದಲಾಗುತ್ತದೆ, ಪುಡಿ ಹಾರಿಹೋಗುತ್ತದೆ. ಹಸಿ ಬಿದಿರಿನೊಳಗೆ ನೀರೂ ಇರುತ್ತದೆ. ಬಿಲ್ಲು ಹಿಡಿದು ಬೆವರು ಸುರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂ ಬಿಟ್ಟು ಸತ್ತ ಬಿದಿರಿನ ಮೆಳೆ ಬೆಂಕಿಗೆ ಒಳ್ಳೆಯ ಉರುವಲು ಎಂಬುದು ಖರೆ. ಆದರೆ ಆ ಉರುವಲಿಗೆ ಕಿಡಿ ಬೀಳುವುದು ಹೆಚ್ಚಾಗಿ ಮನುಷ್ಯರ ಕಡೆಯಿಂದ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಹಾಗೆ ಹತ್ತಿದವೇ. ಬೀಡಿ ತುಂಡು, ಜೇನು ಕೀಳುವ ದೊಂದಿ, ಹೊಸ ಹುಲ್ಲಿನ ಆಸೆ, ರಸ್ತೆ ಬದಿಯ ಅಡುಗೆ. ಬಿದಿರಿನ ಮೇಲೆ ಹಾಕಿಬಿಟ್ಟರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಅದಕ್ಕೇ ಆ ಮಾತು ಇಷ್ಟು ವರ್ಷ ಬಾಳಿದೆ.

ಹಾಗಾದರೆ ಶಿಬಿರಗಳು? ಕೋಲು ತಿಕ್ಕುವುದರಿಂದ ಕಾಡಿಗೆ ಅಪಾಯ ಅನ್ನುವುದು ಸರಿಯಲ್ಲ. ಅಷ್ಟು ಕಷ್ಟಪಟ್ಟು ಹುಟ್ಟಿಸಿದ ಕೆಂಡವನ್ನು ಜನ ಬಲು ಜೋಪಾನ ಮಾಡುತ್ತಾರೆ. ಅಪಾಯ ಇರುವುದು ಆಮೇಲೆ. ಕೆಂಡ ಉರಿಯಾಯಿತು, ಚಪ್ಪಾಳೆ ಬಿತ್ತು, ಫೋಟೋ ಆಯಿತು, ಕ್ಯಾಂಪ್‌ಫೈರ್ ಸುತ್ತ ಹಾಡಾಯಿತು. ಬೆಳಿಗ್ಗೆ ಬೂದಿಯ ಕೆಳಗೆ ಕೆಂಡ ಉಳಿದಿದೆಯಾ ಎಂದು ಕೈಯಿಟ್ಟು ನೋಡುವ ಪಾಠ ಅಲ್ಲಿ ಇರುವುದು ಕಡಿಮೆ. ಹುಟ್ಟಿಸುವ ವಿದ್ಯೆಗೆ ಶುಲ್ಕ ಇದೆ, ಆರಿಸುವ ವಿದ್ಯೆಗೆ ಗಿರಾಕಿ ಇಲ್ಲ. ಅದನ್ನು ಬಲ್ಲ ಹಿರಿಯರು ಅದೇ ಹೋಂಸ್ಟೇಯ ಆಚೆ ದಿಬ್ಬದಲ್ಲೇ ಇದ್ದಾರೆ. ಅವರು ಬೆಂಕಿ ರೇಖೆ (ಬೆಂಕಿ ದಾಟದ ಹಾಗೆ ಕಾಡಿನಲ್ಲಿ ಬಿಡುವ ಖಾಲಿ ಪಟ್ಟೆ) ಸವರಲು ದಿನಗೂಲಿಗೆ ಹೋಗುತ್ತಾರೆ. ಶಿಬಿರಕ್ಕೆ ಗುರುವಾಗಿ ಅವರನ್ನು ಕರೆದದ್ದು ನಾನು ನೋಡಿಲ್ಲ. ಇದು ನನಗೆ ಬೇಸರದ ಸಂಗತಿ.

ಆಗಬೇಕಾದದ್ದು ದೊಡ್ಡದೇನಲ್ಲ. ಕಲಿಕೆ ಅಂಗಳದಲ್ಲಿ ನಡೆಯಲಿ, ಕಾಡಿನೊಳಗೆ ಬೇಡ. ಕೆಳಗೆ ತಗಡು, ಪಕ್ಕದಲ್ಲಿ ಎರಡು ಕೊಡ ನೀರು, ಸುತ್ತ ನೆಲ ಕಾಣುವ ಹಾಗೆ ಗುಡಿಸಿದ ಜಾಗ. ಮಾರ್ಚ್, ಏಪ್ರಿಲ್ ಬಿಟ್ಟು ಮಳೆಗಾಲದ ಕೊನೆಗೆ ಇಟ್ಟುಕೊಂಡರೆ ಕಟ್ಟಿಗೆ ಒಣಗಿಸುವ ಪಾಠವೂ ಸೇರುತ್ತದೆ. ಅರ್ಧ ದಿನ ಬೆಂಕಿ ಮಾಡುವುದಕ್ಕೆ, ಅರ್ಧ ದಿನ ಗಾಳಿ ನೋಡುವುದಕ್ಕೆ, ಅಂಚು ಸವರುವುದಕ್ಕೆ, ಹಸಿ ಸೊಪ್ಪಿನಿಂದ ಬಡಿದು ಆರಿಸುವುದಕ್ಕೆ. ಎರಡನೆಯ ಅರ್ಧವನ್ನು ಊರಿನ ಹಿರಿಯರೇ ಹೇಳಿಕೊಡಲಿ, ಶುಲ್ಕದಲ್ಲಿ ಪಾಲು ಅವರಿಗೂ ಹೋಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಶಿಬಿರದವರು, ಗ್ರಾಮ ಅರಣ್ಯ ಸಮಿತಿಯವರು, ರೇಂಜ್ ಆಫೀಸಿನವರು ಒಂದು ಸಂಜೆ ಕೂತು ಮಾತಾಡಿದರೆ ಸಾಕು. ಬೆಂಕಿ ರೇಖೆಯ ಕೆಲಸ ಬೇಸಿಗೆ ಕಾಲಿಡುವ ಮುಂಚೆಯೇ ಶುರುವಾಗುತ್ತದೆ. ಆ ಮಾತುಕತೆ ಅದಕ್ಕಿಂತ ಮೊದಲು, ದೀಪಾವಳಿಯ ಹೊತ್ತಿಗೇ ಆಗಬೇಕು.